ಶನಿವಾರ ಮಗಳನ್ನು ಕಳಿಸಲೇ, ಬೇಡವೇ?

ಪ್ರಶ್ನೆ: ನಾನು ದಾವಣಗೆರೆಯ ತವರುಮನೆಯಲ್ಲಿದ್ದೇನೆ. ಮಗಳಿಗೆ ಆರು ವರ್ಷ. ವಿಚ್ಛೇದನದ ಪ್ರಕರಣ ಎರಡು ವರ್ಷದಿಂದ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿದೆ. ಮಧ್ಯಂತರ ಆದೇಶದಂತೆ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ ಮಗಳನ್ನು ಅವಳ ತಂದೆಗೆ ಒಪ್ಪಿಸಿ, ಭಾನುವಾರ ಸಂಜೆ ಕರೆತರುತ್ತೇನೆ. ಆ ಮನೆಯಲ್ಲಿ ಅವರ ತಾಯಿ ಮತ್ತು ತಮ್ಮನೂ ಇದ್ದಾರೆ. ಮೂರು ತಿಂಗಳಿಂದ ಶುಕ್ರವಾರ ಬಂತೆಂದರೆ ಮಗಳಿಗೆ ಹೊಟ್ಟೆನೋವು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮತ್ತೆ ಶುರುವಾಗಿದೆ. ಈ ಭಾನುವಾರ ಕರೆತಂದಾಗ ತೊಡೆಯ ಹಿಂದೆ ಎರಡು ಉದ್ದನೆಯ ಬಾಸುಂಡೆಗಳಿದ್ದವು. ‘ಊಟ ಚೆಲ್ಲಿದೆ ಅಂತ ಅಪ್ಪ ಹೊಡೆದ್ರು’ ಎಂದಳು. ಸ್ನಾನ ಮಾಡಿಸುವಾಗ ‘ಬೇಡ ಅಂದ್ರೂ ಚಿಕ್ಕಪ್ಪ ಮುಟ್ತಾರೆ’ ಎಂದವಳು ಮುಂದೆ ಏನೂ ಹೇಳಲಿಲ್ಲ. ಈಗ ಇದನ್ನೆಲ್ಲ ಎತ್ತಿದರೆ ನಾನೇ ಹೇಳಿಕೊಟ್ಟಿದ್ದೇನೆಂದು ನ್ಯಾಯಾಧೀಶರು ಭಾವಿಸುತ್ತಾರೆ, ಸುಮ್ಮನಿರಿ ಎಂದು ನನ್ನ ವಕೀಲರು ಹೇಳುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆಯಡಿ ಕೇಸು ಹಾಕಿಬಿಡು, ಎಲ್ಲರೂ ಒಳಗೆ ಹೋಗುತ್ತಾರೆ ಎಂದು ಭಾವ ಹೇಳುತ್ತಾರೆ. ಹೆಣ್ಣುಮಗು, ಸುದ್ದಿ ಹೊರಗೆ ಹೋದರೆ ಗತಿಯೇನು ಎಂದು ಅಮ್ಮ ಅಳುತ್ತಾರೆ. ‘ಐದು ವರ್ಷ ತುಂಬಿದೆ, ಒಂದು ಸಲ ಕಳಿಸದಿದ್ದರೆ ಸಾಕು, ಕಸ್ಟಡಿ ನನಗೇ’ ಎಂದು ಗಂಡ ಸಂದೇಶ ಕಳಿಸಿದ್ದಾರೆ. ಮುಂದಿನ ಭೇಟಿಗೆ ಇನ್ನು ಹನ್ನೆರಡು ದಿನವಿದೆ. ಏನು ಮಾಡಲಿ?

ಉತ್ತರ: ಕಾಯಲಾಗದ ವಿಷಯವಾದ್ದರಿಂದ ಮುಖ್ಯವಾದ ಸೂಚನೆಗಳನ್ನು ನಿಮಗೆ ಅಂದೇ ನೇರವಾಗಿ ತಿಳಿಸಿದ್ದೇನೆ. ಇದೇ ಸಂಕಟದಲ್ಲಿರುವ ಇತರ ತಂದೆತಾಯಂದಿರಿಗೂ ಉಪಯೋಗವಾಗಲೆಂದು, ಮಗುವಿನ ಗುರುತು ಸಿಗದಂತೆ ಊರು ಮತ್ತು ವಿವರಗಳನ್ನು ಬದಲಿಸಿ, ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಕಳಿಸಿದರೆ ಮಗುವಿಗೆ ಏನಾಗುತ್ತದೋ, ಕಳಿಸದಿದ್ದರೆ ನ್ಯಾಯಾಲಯ ಏನು ಮಾಡುತ್ತದೋ ಎಂಬ ಎರಡು ಭಯಗಳು ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ, ಮತ್ತು ಎರಡನೆಯ ಭಯ ಮೊದಲನೆಯದರ ಬಾಯಿ ಮುಚ್ಚಿಸುತ್ತಿದೆ. ಇಪ್ಪತ್ತು ವರ್ಷಗಳಿಂದ ಕೌಟುಂಬಿಕ ನ್ಯಾಯಾಲಯಗಳಲ್ಲಿ ವಕಾಲತ್ತು ನಡೆಸುತ್ತಿರುವ ನಾನು ಕಂಡಿರುವಂತೆ, ಇಂಥ ಪ್ರಕರಣಗಳಲ್ಲಿ ಮಗುವಿಗೆ ಹೆಚ್ಚಿನ ಹಾನಿಯಾಗುವುದು ಎರಡು ಸಂದರ್ಭಗಳಲ್ಲಿ: ದೊಡ್ಡವರು ಸುಮ್ಮನಿದ್ದಾಗ, ಇಲ್ಲವೇ ಪ್ರಕರಣದ ಇಡೀ ಭಾರವನ್ನು ಮಗುವಿನ ಮಾತಿನ ಮೇಲೆಯೇ ಹೇರಿದಾಗ. ನಿಮ್ಮ ವಕೀಲರ ಸಲಹೆ ಮೊದಲನೆಯ ತಪ್ಪಿಗೆ ದಾರಿ, ನಿಮ್ಮ ಭಾವನವರ ಸಲಹೆ ಎರಡನೆಯದಕ್ಕೆ.

ಬಾಸುಂಡೆ ನಾಲ್ಕಾರು ದಿನಗಳಲ್ಲಿ ಮಾಸಿಹೋಗುತ್ತದೆ, ಆದ್ದರಿಂದ ಎಲ್ಲಕ್ಕಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯಾದರೆ ಒಳ್ಳೆಯದು, ಏಕೆಂದರೆ ಅಲ್ಲಿ ಗಾಯವನ್ನು ಎಂ.ಎಲ್.ಸಿ. (ಕಾನೂನು ಕ್ರಮಕ್ಕೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ, ಅಳತೆ, ಬಣ್ಣ ಮತ್ತು ಆಕಾರವನ್ನು ಬರೆಯುವ ರೂಢಿಯಿದೆ. ಎಫ್‌ಐಆರ್ ತನ್ನಿ, ಪೊಲೀಸರ ಪತ್ರ ತನ್ನಿ ಎಂದು ಯಾರಾದರೂ ಹಿಂದಕ್ಕೆ ಕಳಿಸಿದರೆ ಒಪ್ಪಬೇಡಿ. ಲೈಂಗಿಕ ದೌರ್ಜನ್ಯದ ಶಂಕೆಯಿರುವ ಮಗುವಿಗೆ ಚಿಕಿತ್ಸೆ ಕೊಡಲು ಯಾವ ಆಸ್ಪತ್ರೆಯೂ ಅಂಥ ಕಾಗದಗಳನ್ನು ಕೇಳುವಂತಿಲ್ಲವೆಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ. ಹೆಣ್ಣುಮಗುವಿನ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು, ಪೋಷಕರು ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಒಂದು ಮಾತನ್ನು ಈಗಲೇ ತಿಳಿದಿರಿ: ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದರೆ ಏನೂ ನಡೆದಿಲ್ಲವೆಂದಲ್ಲ. ಮೈಮೇಲೆ ಗುರುತು ಉಳಿಸದ ದೌರ್ಜನ್ಯವೇ ಹೆಚ್ಚು. ವರದಿ ಸಹಜವಾಗಿದೆ ಎಂದ ಮಾತ್ರಕ್ಕೆ ನಿಮ್ಮ ಮಗಳ ಮಾತು ಸುಳ್ಳಾಗುವುದಿಲ್ಲ.

ಇನ್ನು ನೀವು ಮಾಡಬಾರದ ಕೆಲಸವೊಂದಿದೆ. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಾಗಿದ್ದ ತಾಯಿಯೊಬ್ಬರು ಐದು ವರ್ಷದ ಮಗನ ಮಾತನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು, ಒಂದಲ್ಲ, ಹನ್ನೊಂದು ವಿಡಿಯೊ. ಮೊದಲನೆಯದರಲ್ಲಿ ಮಗು ಆಟಿಕೆ ಉರುಳಿಸುತ್ತ ತಾನಾಗಿಯೇ ಒಂದು ವಾಕ್ಯ ಹೇಳುತ್ತದೆ. ಆರನೆಯದರ ಹೊತ್ತಿಗೆ ‘ಹೇಳು ಪುಟ್ಟಾ, ಅಪ್ಪ ಎಲ್ಲಿ ಹೊಡೆದ್ರು, ಇಲ್ಲೋ ಇಲ್ಲೋ?’ ಎಂಬ ತಾಯಿಯ ಧ್ವನಿ ಕೇಳುತ್ತದೆ. ಹನ್ನೊಂದನೆಯದರಲ್ಲಿ ಮಗು ಕ್ಯಾಮೆರಾ ನೋಡಿ, ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿ ಮುಗಿಸಿ, ‘ಸರಿಯಾಯ್ತಾ ಅಮ್ಮಾ?’ ಎನ್ನುತ್ತದೆ. ಪಾಟೀಸವಾಲಿನಲ್ಲಿ ಎದುರು ವಕೀಲರು ತೋರಿಸಿದ್ದು ಆ ಕೊನೆಯ ವಿಡಿಯೊವನ್ನು ಮಾತ್ರ. ಆ ತಾಯಿ ಸುಳ್ಳು ಹೇಳಿರಲಿಲ್ಲ. ಭಯದಲ್ಲಿ ಮತ್ತೆ ಮತ್ತೆ ಕೇಳಿದ್ದರು, ಅಷ್ಟೇ. ಆದರೆ ಮಗು ತಾನಾಗಿ ಆಡಿದ ಆ ಮೊದಲ ವಾಕ್ಯದ ಬೆಲೆ ಅಂದೇ ಹೋಯಿತು.

ಆದ್ದರಿಂದ ನಿಮ್ಮ ಮಗಳನ್ನು ಕೆದಕಿ ಕೇಳಬೇಡಿ. ಅವಳಾಗಿಯೇ ಹೇಳಿದರೆ ಕೆಲಸ ಬಿಟ್ಟು ಕೇಳಿಸಿಕೊಳ್ಳಿ, ಮುಖದಲ್ಲಿ ಗಾಬರಿ ತೋರಿಸಬೇಡಿ, ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪೇನೂ ಇಲ್ಲ’ ಎನ್ನಿ. ಅವಳು ಮಲಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಆಗ ಏನು ನಡೆಯುತ್ತಿತ್ತು, ನೀವೇನು ಕೇಳಿದಿರಿ, ಅವಳೇನು ಹೇಳಿದಳು ಎಂಬುದನ್ನು ಅವಳ ಮಾತಿನಲ್ಲಿಯೇ ಬರೆದಿಡಿ. ‘ಬೇಡ ಅಂದ್ರೂ ಚಿಕ್ಕಪ್ಪ ಮುಟ್ತಾರೆ’ ಎಂದದ್ದನ್ನು ‘ಲೈಂಗಿಕ ಕಿರುಕುಳ ನೀಡಿರುತ್ತಾರೆ’ ಎಂದು ತಿದ್ದಿ ಬರೆಯಬೇಡಿ. ಬಾಸುಂಡೆಯ ಫೋಟೊ ತೆಗೆಯುವಾಗ ಪಕ್ಕದಲ್ಲಿ ಶಾಲೆಯ ಅಳತೆಪಟ್ಟಿಯನ್ನಿಟ್ಟು ತೆಗೆಯಿರಿ, ಮಗುವಿನ ಮುಖ ಬಾರದಿರಲಿ. ಫೋಟೊ ಇರುವ ಮೊಬೈಲನ್ನು ಬದಲಿಸಬೇಡಿ, ಮೂಲ ಕಡತವನ್ನು ಅಳಿಸಬೇಡಿ. ವಿದ್ಯುನ್ಮಾನ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಮೊಬೈಲು ನಿಮ್ಮ ಕೈಯಲ್ಲಿರಬೇಕು.

ನಿಮ್ಮನ್ನು ಹೆದರಿಸುತ್ತಿರುವ ಮಾತುಗಳನ್ನು ಈಗ ಒಂದೊಂದಾಗಿ ನೋಡೋಣ. ಐದು ತುಂಬಿದರೆ ಮಗು ತಂದೆಗೆ ಎಂಬ ಕಾನೂನು ಎಲ್ಲಿಯೂ ಇಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 6ನೇ ಕಲಂ ಹೇಳುವುದು, ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂದಷ್ಟೇ. ಐದರ ನಂತರ ತಾನಾಗಿ ಕೈಬದಲಾಗುತ್ತದೆ ಎಂದಲ್ಲ. ಅದೇ ಕಾನೂನಿನ 13ನೇ ಕಲಂ ಮಗುವಿನ ಹಿತವೇ ಪರಮ ಎನ್ನುತ್ತದೆ, ತಂದೆಯ ಹಕ್ಕಾಗಲಿ ತಾಯಿಯ ಹಕ್ಕಾಗಲಿ ಅದರ ಕೆಳಗೆ. ಇನ್ನು, ಒಮ್ಮೆ ಆದೇಶವಾಗಿದೆ, ಬದಲಾಗದು ಎಂಬುದೂ ಸರಿಯಲ್ಲ. ಸುಪರ್ದಿಯ ಆದೇಶಗಳು ಸ್ವಭಾವತಃ ತಾತ್ಕಾಲಿಕ, ಮಗುವಿನ ಹಿತಕ್ಕೆ ಬೇಕಾದಾಗ ತಿದ್ದಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲಿಯೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ.

ಮನೆಯವರೇ ಹೀಗೆ ಮಾಡುತ್ತಾರೆಯೇ ಎಂದು ನಿಮ್ಮ ತಾಯಿ ಕೇಳಬಹುದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದ್ದವರು. ಹಾಗೆಯೇ, ಮಗು ತಂದೆಯನ್ನು ಕಂಡಾಗ ಓಡಿಹೋಗಿ ತಬ್ಬಿಕೊಂಡಿತು, ಆದ್ದರಿಂದ ಹೊಡೆದದ್ದು ಸುಳ್ಳು ಎಂಬ ವಾದವನ್ನು ನೀವು ನ್ಯಾಯಾಲಯದಲ್ಲಿ ಕೇಳುವಿರಿ. ಹೊಡೆಯುವ ಅಪ್ಪನನ್ನೂ ಮಗು ಪ್ರೀತಿಸುತ್ತದೆ. ಇದು ಮಕ್ಕಳೊಡನೆ ಒಂದು ದಿನ ಕಳೆದವರಿಗೂ ಗೊತ್ತಿರುವ ವಿಷಯ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಲಾರೆ. ಹೊಟ್ಟೆನೋವು, ಹಾಸಿಗೆ ಒದ್ದೆಯಾಗುವುದು ಇವಷ್ಟೇ ದೌರ್ಜನ್ಯಕ್ಕೆ ಪುರಾವೆಯಾಗುವುದಿಲ್ಲ. ತಂದೆತಾಯಿ ಬೇರೆಯಾದ ಮನೆಯಲ್ಲಿ, ಎರಡು ಊರುಗಳ ನಡುವೆ ಬ್ಯಾಗು ಹೊತ್ತು ತಿರುಗುವ ಮಗುವಿಗೆ, ಯಾರೂ ಕೈ ಎತ್ತದಿದ್ದರೂ ಇವು ಬರಬಹುದು. ಹಾಗಾಗಿ ನಿಮ್ಮ ಅರ್ಜಿಯಲ್ಲಿ ಇವುಗಳನ್ನು ಕೊನೆಗೆ ಬರೆಯಿಸಿ. ಮೊದಲು ಬಾಸುಂಡೆ, ಆಮೇಲೆ ಮಗು ತಾನಾಗಿ ಆಡಿದ ಮಾತು, ಆಮೇಲೆ ಇವು.

ಹೇಳಿಕೊಟ್ಟಿದ್ದೀರಿ ಎಂಬ ಆಪಾದನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ವಕೀಲರ ಹಿಂಜರಿಕೆಯ ಬೇರು ಅಲ್ಲಿದೆ. ಒಬ್ಬ ಪೋಷಕರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ಕೆಡಿಸುತ್ತಾರೆಂಬ ವಾದಕ್ಕೆ ‘ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್’ ಎಂಬ ಹೆಸರನ್ನು 1985ರಲ್ಲಿ ಕೊಟ್ಟವರು ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್. ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಾದ ಡಿಎಸ್‌ಎಂ-5ರಲ್ಲಿ ಅದನ್ನು ರೋಗವೆಂದು ಸೇರಿಸಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲಿಯೂ ಅದು ರೋಗವಲ್ಲ. ಆದರೂ ಹೆಸರಿಗೆ ವೈದ್ಯಕೀಯದ ಗತ್ತು ಇರುವುದರಿಂದ ನ್ಯಾಯಾಲಯಗಳಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2017ರ ವಿವೇಕ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಅದನ್ನು ಪ್ರಸ್ತಾಪಿಸಿದೆ. ಮಹಿಳೆಯರ ಮೇಲಿನ ದೌರ್ಜನ್ಯದ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಾಲೆಮ್ 2023ರಲ್ಲಿ ಮಾನವ ಹಕ್ಕುಗಳ ಮಂಡಳಿಗೆ ಕೊಟ್ಟ ವರದಿಯಲ್ಲಿ, ಮನೆಯೊಳಗಿನ ಹಿಂಸೆಯ ಆರೋಪವನ್ನು ತಳ್ಳಿಹಾಕಲು ಈ ವಾದ ಹೇಗೆ ಬಳಕೆಯಾಗುತ್ತಿದೆ ಎಂಬುದನ್ನು ವಿವರಿಸಿ, ಸುಪರ್ದಿಯ ಪ್ರಕರಣಗಳಲ್ಲಿ ಇದರ ಬಳಕೆಯನ್ನು ದೇಶಗಳು ನಿಷೇಧಿಸಬೇಕೆಂದು ಶಿಫಾರಸು ಮಾಡಿದರು.

ಹಾಗೆಂದು ಹೇಳಿಕೊಡುವ ಪೋಷಕರೇ ಇಲ್ಲವೆಂದು ನಾನು ಹೇಳಲಾರೆ. ಇಬ್ಬರಲ್ಲಿಯೂ ಅಂಥವರನ್ನು ಕಂಡಿದ್ದೇನೆ, ತಾಯಂದಿರಲ್ಲಿಯೂ ತಂದೆಯರಲ್ಲಿಯೂ. ನ್ಯಾಯಾಧೀಶರೂ ಕಂಡಿರುತ್ತಾರೆ, ಅದಕ್ಕೇ ಅನುಮಾನ. ಆ ಅನುಮಾನಕ್ಕೆ ಮೌನ ಮದ್ದಲ್ಲ. ನೀವು ಈಗ ಸುಮ್ಮನಿದ್ದು, ಆರು ತಿಂಗಳ ನಂತರ ತಂದೆ ಪೂರ್ಣ ಸುಪರ್ದಿ ಕೇಳಿದಾಗ ಬಾಸುಂಡೆಯ ಮಾತೆತ್ತಿದರೆ, ಅಂದೇಕೆ ಹೇಳಲಿಲ್ಲ ಎಂಬ ಒಂದೇ ಪ್ರಶ್ನೆ ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿಬಿಡುತ್ತದೆ. ಘಟನೆ ತಿಳಿದ ಮರುದಿನದ ಆಸ್ಪತ್ರೆಯ ಚೀಟಿ, ಅದೇ ವಾರ ಸಲ್ಲಿಸಿದ ಅರ್ಜಿ, ಅದರಲ್ಲಿ ಎಲ್ಲಿಯೂ ಉತ್ಪ್ರೇಕ್ಷೆಯಿಲ್ಲದ ಭಾಷೆ, ತಂದೆಯೊಡನೆ ಮಗುವಿನ ಸಂಪರ್ಕವನ್ನು ಪೂರ್ತಿ ಕಡಿಯಬೇಕೆಂಬ ಹಟವಿಲ್ಲದ ಕೋರಿಕೆ, ಇವಿಷ್ಟಿದ್ದರೆ ಹೇಳಿಕೊಟ್ಟಿದ್ದಾರೆಂಬ ವಾದ ನಿಲ್ಲುವುದು ಕಷ್ಟ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಚಿಕ್ಕಪ್ಪನ ಕುರಿತ ಮಾತು ನಿಮ್ಮ ಆಯ್ಕೆಗೆ ಬಿಟ್ಟದ್ದಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧ ನಡೆದಿದೆಯೆಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವರೂ ಪೊಲೀಸರಿಗೆ ತಿಳಿಸಬೇಕು. ಅಪರಾಧ ನಡೆದದ್ದನ್ನು ವರದಿ ಮಾಡದಿದ್ದರೆ 21ನೇ ಕಲಂನಡಿ ಆರು ತಿಂಗಳವರೆಗೆ ಶಿಕ್ಷೆಯಿದೆ. ಮುಟ್ಟಿದ್ದು ಹೇಗೆ, ಯಾವ ಉದ್ದೇಶದಿಂದ ಎಂಬುದನ್ನು ನೀವು ಮನೆಯಲ್ಲಿ ತೀರ್ಮಾನಿಸಬೇಕಾಗಿಲ್ಲ. ಅದು ತನಿಖೆಯ ಕೆಲಸ. ದೂರಿನಲ್ಲಿ ನಿಮಗೆ ಗೊತ್ತಿರುವುದನ್ನು, ಅಂದರೆ ಮಗು ಯಾವ ಹೊತ್ತಿನಲ್ಲಿ ಯಾವ ಮಾತನ್ನು ಆಡಿತು ಎಂಬುದನ್ನು, ಅಷ್ಟಕ್ಕಷ್ಟೇ ಬರೆಯಿರಿ. ಒಳ್ಳೆಯ ನಂಬಿಕೆಯಿಂದ ಕೊಟ್ಟ ಮಾಹಿತಿಗೆ ಕಾಯ್ದೆಯೇ ರಕ್ಷಣೆ ಕೊಡುತ್ತದೆ. ಶಿಕ್ಷೆಯಿರುವುದು ಅವಮಾನಿಸಲು, ಸುಲಿಯಲು, ಬೆದರಿಸಲು ಅಥವಾ ಹೆಸರು ಕೆಡಿಸಲು ಸುಳ್ಳು ದೂರು ಕೊಟ್ಟವರಿಗೆ. ನಿಮ್ಮ ಭಾವನವರ ಮಾತಿನಂತೆ ಎಲ್ಲರ ಹೆಸರನ್ನೂ ಸೇರಿಸಲು ಹೋದರೆ ನೀವು ಆ ಗೆರೆಯ ಹತ್ತಿರಕ್ಕೆ ಹೋಗುತ್ತೀರಿ.

ಘಟನೆ ಬೆಂಗಳೂರಿನದಾದರೂ ದಾವಣಗೆರೆಯ ಠಾಣೆಯಲ್ಲಿಯೇ ದೂರು ಕೊಡಬಹುದು, ಅಲ್ಲಿ ಝೀರೋ ಎಫ್‌ಐಆರ್ ದಾಖಲಿಸಿ ವರ್ಗಾಯಿಸುತ್ತಾರೆ. ಮಗಳನ್ನು ಠಾಣೆಗೆ ಕರೆದೊಯ್ಯಬೇಡಿ. ಅವಳ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅವಳಿಗೆ ಹಿತವೆನಿಸುವ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಆದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕೆಂದು 24ನೇ ಕಲಂ ಹೇಳುತ್ತದೆ. ಮಾಹಿತಿಯನ್ನು ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು, ಸಮಿತಿ ನಿಮ್ಮ ಜೊತೆಗೆ ನಿಲ್ಲಲು ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು. ನಿಮ್ಮ ತಾಯಿಗೆ ಹೇಳಿ, ಮಗುವಿನ ಹೆಸರು, ಶಾಲೆ, ವಿಳಾಸ, ಫೋಟೊ ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ, ಪ್ರಕಟಿಸಿದರೆ ಅದು ಅಪರಾಧ. ಠಾಣೆಗೆ ಹೋಗುವ ಧೈರ್ಯ ಬರದಿದ್ದರೆ 1098ಕ್ಕೆ ಕರೆ ಮಾಡಿ, ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಕೈಹಿಡಿಯುತ್ತಾರೆ.

ಈ ದಾರಿಯ ಕಷ್ಟಗಳೂ ನಿಮಗೆ ತಿಳಿದಿರಲಿ. ವಿಚಾರಣೆ ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ಅನೇಕ ಪ್ರಕರಣಗಳು ಅದನ್ನು ಮೀರುತ್ತವೆ. ಸಾಕ್ಷ್ಯ ಸಾಲದೆ ಪೊಲೀಸರು ಪ್ರಕರಣ ಮುಕ್ತಾಯಗೊಳಿಸುವ ‘ಬಿ’ ವರದಿ ಹಾಕಿದರೆ, ಅದನ್ನು ಎದುರು ಪಕ್ಷದವರು ಕೌಟುಂಬಿಕ ನ್ಯಾಯಾಲಯದಲ್ಲಿ ಹಿಡಿದೆತ್ತಿ ತೋರಿಸುತ್ತಾರೆ. ‘ಬಿ’ ವರದಿಯೆಂದರೆ ಮಗು ಸುಳ್ಳು ಹೇಳಿತೆಂದು ಅರ್ಥವಲ್ಲ, ಅದಕ್ಕೆ ಆಕ್ಷೇಪಣೆ ಸಲ್ಲಿಸಲೂ ಬರುತ್ತದೆ. ಆದರೆ ಆ ದಿನ ನಿಮ್ಮ ಕೈಯಲ್ಲಿ ಬೇರೆ ಆಧಾರಗಳಿರಬೇಕು. ಆದ್ದರಿಂದಲೇ ಪೋಕ್ಸೋ ದೂರನ್ನೇ ಸುಪರ್ದಿಯ ಪ್ರಕರಣದ ಒಂದೇ ಕಂಬವನ್ನಾಗಿ ಮಾಡಿಕೊಳ್ಳಬೇಡಿ.

ತಂದೆ ಹೊಡೆದದ್ದು ಬೇರೆ ವಿಷಯ. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂನಡಿ ಅಪರಾಧವೇ. ಶಿಸ್ತಿಗಾಗಿ ಒಂದೇಟು ಎಂದು ಅವರು ಹೇಳುತ್ತಾರೆ. ತೊಡೆಯ ಹಿಂದಿನ ಉದ್ದನೆಯ ಬಾಸುಂಡೆಗಳು ಯಾವುದರಿಂದ, ಹೇಗೆ ಎದ್ದವು ಎಂಬುದಕ್ಕೆ ಅವುಗಳ ಆಕಾರವೇ ಸುಳಿವು, ವೈದ್ಯರ ಬರಹದಲ್ಲಿ ಆಕಾರ ದಾಖಲಾಗಲಿ ಎಂದದ್ದು ಇದಕ್ಕೇ. ಆದರೂ ತಂದೆಯ ವಿಷಯದಲ್ಲಿ ಮೊದಲ ಹೆಜ್ಜೆ ಕೌಟುಂಬಿಕ ನ್ಯಾಯಾಲಯದ್ದೇ ಆಗಿರಲಿ ಎಂಬುದು ನನ್ನ ಅಭಿಪ್ರಾಯ. ಭೇಟಿಯ ಆದೇಶ ಮಾಡಿದ್ದು ಆ ನ್ಯಾಯಾಲಯ, ತಿದ್ದಬೇಕಾದದ್ದೂ ಅದೇ.

ಅಲ್ಲಿ ಮುಂದಿನ ವಾಯಿದೆಗೆ ಕಾಯದೆ, ದಿನಾಂಕವನ್ನು ಮುಂಚಿತಗೊಳಿಸುವ ಅರ್ಜಿಯ ಜೊತೆಗೆ, ಭೇಟಿಯ ಆದೇಶವನ್ನು ಮಾರ್ಪಡಿಸುವ ತುರ್ತು ಅರ್ಜಿಯನ್ನು ಈ ವಾರವೇ ಹಾಕಿಸಿ. ಕೋರಿಕೆ ಹೀಗಿರಲಿ: ರಾತ್ರಿ ತಂಗುವುದು ಸದ್ಯಕ್ಕೆ ನಿಲ್ಲಬೇಕು, ತಂದೆ ಮಗಳನ್ನು ನ್ಯಾಯಾಲಯದ ಮಕ್ಕಳ ಕೊಠಡಿಯಲ್ಲಿ, ಆಪ್ತಸಮಾಲೋಚಕರ ಕಣ್ಣೆದುರಿಗೆ ಕಾಣಬಹುದು, ಚಿಕ್ಕಪ್ಪ ಹತ್ತಿರ ಬರಬಾರದು, ವಾರಕ್ಕೆರಡು ಸಲ ವಿಡಿಯೊ ಕರೆಗೆ ಅಡ್ಡಿಯಿಲ್ಲ. ತಂದೆತಾಯಿಗಳಿಬ್ಬರ ಸಂಪರ್ಕವೂ ಮಗುವಿಗೆ ಬೇಕು, ನೇರ ಭೇಟಿ ಆಗದಿದ್ದಾಗ ವಿಡಿಯೊ ಕರೆ ಇರಲಿ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಪ್ರಕರಣದಲ್ಲಿ ತಳೆದಿದೆ. ಆ ನಿಲುವಿಗೆ ಹೊಂದುವ ಕೋರಿಕೆಯನ್ನು ನೀವೇ ಮುಂದಿಟ್ಟರೆ ಮೊದಲ ದಿನವೇ ನಿಮ್ಮ ಮಾತಿಗೆ ತೂಕ ಬರುತ್ತದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 12ನೇ ಕಲಂನಡಿ ತಜ್ಞರ ನೆರವು ಪಡೆಯಲು ನ್ಯಾಯಾಧೀಶರಿಗೆ ಅವಕಾಶವಿದೆ. ನಿಮ್ಹಾನ್ಸ್‌ನಂಥ ಸಂಸ್ಥೆಯ ಮಕ್ಕಳ ಮನೋವೈದ್ಯರಿಂದ ಮಗುವಿನ ಮೌಲ್ಯಮಾಪನ ಮಾಡಿಸುವಂತೆ ಕೇಳಿ. ನೀವೇ ಹಣ ಕೊಟ್ಟು ಖಾಸಗಿಯಾಗಿ ತರುವ ವರದಿಗಿಂತ ನ್ಯಾಯಾಲಯವೇ ಕಳಿಸಿ ತರಿಸಿದ ವರದಿ ಬಹಳ ಮೇಲು, ಮತ್ತು ಮಗು ಬೇರೆ ಬೇರೆ ತಜ್ಞರ ಮುಂದೆ ಮತ್ತೆ ಮತ್ತೆ ಮಾತನಾಡುವುದು ತಪ್ಪಬಹುದು. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕೆಂದು 11ನೇ ಕಲಂನಡಿ ಕೇಳಲು ಮರೆಯಬೇಡಿ.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಂನಲ್ಲಿ ಒಂದು ಬಲವಾದ ಮಾತಿದೆ: ಎದುರುದಾರನ ಭೇಟಿ ಮಗುವಿಗೆ ಹಾನಿಕರವೆಂದು ಮ್ಯಾಜಿಸ್ಟ್ರೇಟರಿಗೆ ಅನಿಸಿದರೆ ಭೇಟಿಯನ್ನು ನಿರಾಕರಿಸತಕ್ಕದ್ದು. ಆದರೆ ಒಂದು ನ್ಯಾಯಾಲಯ ಭೇಟಿಗೆ ಆದೇಶಿಸಿರುವಾಗ ಇನ್ನೊಂದರಿಂದ ತಡೆ ತರಲು ಹೋದರೆ ಗೊಂದಲವಾಗುತ್ತದೆ, ಹಳೆಯ ಆದೇಶವನ್ನು ಮುಚ್ಚಿಟ್ಟರಂತೂ ಕೆಡುಕೇ. 26ನೇ ಕಲಂ ಇರುವುದರಿಂದ ಈ ಪರಿಹಾರವನ್ನು ಕೌಟುಂಬಿಕ ನ್ಯಾಯಾಲಯದಲ್ಲಿಯೇ ಕೇಳಬಹುದು, ಹಾಗೆಯೇ ಮಾಡಿ. ನಿಮ್ಮ ಈಗಿನ ವಕೀಲರು ಇದಾವುದಕ್ಕೂ ಒಪ್ಪದಿದ್ದರೆ ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ.

ಕೊನೆಗೆ ನಿಮ್ಮ ಮೂಲ ಪ್ರಶ್ನೆ. ಅರ್ಜಿ ಹಾಕದೆ, ಕಾರಣ ಹೇಳದೆ ಮಗಳನ್ನು ಕಳಿಸದಿದ್ದರೆ ಅದು ಆದೇಶದ ಉಲ್ಲಂಘನೆ, ನಿಮ್ಮ ಗಂಡನಿಗೆ ಬೇಕಾಗಿರುವುದೂ ಅದೇ. ಆದರೆ ಆಸ್ಪತ್ರೆಯ ದಾಖಲೆ, ಪೊಲೀಸ್ ದೂರು, ನ್ಯಾಯಾಲಯದಲ್ಲಿ ಅರ್ಜಿ ಈ ಮೂರೂ ಆಗಿದ್ದು, ಆ ಶನಿವಾರದೊಳಗೆ ಆದೇಶ ಮಾತ್ರ ಬಂದಿಲ್ಲವೆಂದಾದರೆ, ನಾನು ಕಳಿಸಿ ಎಂದು ಹೇಳಲಾರೆ. ಗುರುವಾರವೇ ಎದುರು ವಕೀಲರಿಗೆ ಲಿಖಿತವಾಗಿ ತಿಳಿಸಿ: ಅರ್ಜಿ ಬಾಕಿಯಿರುವುದರಿಂದ ರಾತ್ರಿ ತಂಗಲು ಕಳಿಸಲಾಗದು, ಶನಿವಾರ ಹತ್ತು ಗಂಟೆಗೆ ವಿಡಿಯೊ ಕರೆಗೆ ಮಗಳು ಸಿದ್ಧಳಿರುತ್ತಾಳೆ, ತಂದೆ ನನ್ನ ಸಮ್ಮುಖದಲ್ಲಿ ಹಗಲು ಹೊತ್ತು ಕಾಣಲು ಬಂದರೆ ಸ್ವಾಗತ. ಅದರ ಪ್ರತಿಯನ್ನು ಮೆಮೋ ಮೂಲಕ ನ್ಯಾಯಾಲಯಕ್ಕೂ ಸಲ್ಲಿಸಿ. ಇದರಲ್ಲಿಯೂ ಅಪಾಯವಿದೆ, ಆದೇಶ ಮೀರಿದ್ದೀರೆಂದು ಅವರು ಅರ್ಜಿ ಹಾಕಬಹುದು, ನ್ಯಾಯಾಧೀಶರು ಗದರಬಹುದು. ಆ ಗದರಿಕೆಗೆ ಉತ್ತರ ಕೊಡಲು ನಿಮ್ಮ ಬಳಿ ಕಾಗದಗಳಿರುತ್ತವೆ.

ಮುಂದೊಂದು ದಿನ ನ್ಯಾಯಾಧೀಶರು ಚೇಂಬರಿನಲ್ಲಿ ಮಗಳನ್ನು ಮಾತನಾಡಿಸಬಹುದು. ಆ ದಿನ ಬಸ್ಸಿನಲ್ಲಿ ಅವಳಿಗೆ ಏನನ್ನೂ ಹೇಳಿಕೊಡಬೇಡಿ. ‘ಅವರು ಕೇಳಿದ್ದಕ್ಕೆ ನಿನಗೆ ಗೊತ್ತಿರೋದು ಹೇಳು, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು, ಹೇಳೋಕೆ ಮನಸ್ಸಿಲ್ಲದಿದ್ರೆ ಅದನ್ನೂ ಹೇಳಬಹುದು’ ಎಂದರೆ ಸಾಕು. ಈ ಶುಕ್ರವಾರ ಅವಳು ಹೊಟ್ಟೆ ಹಿಡಿದುಕೊಂಡು ಬಂದು ‘ನಾಳೆ ಹೋಗ್ಬೇಕಾ?’ ಎಂದು ಕೇಳಿದರೆ, ‘ನಾಳೆ ಇಲ್ಲ ಪುಟ್ಟಿ, ಮುಂದಿಂದು ದೊಡ್ಡವರು ಸೇರಿ ನೋಡ್ತೀವಿ’ ಎನ್ನಿ. ಅಪ್ಪನನ್ನು ಬೈಯಬೇಡಿ, ಮತ್ತೇನನ್ನೂ ಕೇಳಬೇಡಿ, ಅವಳಿಗೆ ಊಟ ಮಾಡಿಸಿ ಪಕ್ಕದಲ್ಲಿ ಮಲಗಿಸಿಕೊಳ್ಳಿ.